ಬಿಸಿ ತಾಗಿದರೆ ಕಾಂತವೇ ತಿರುಗುತ್ತದೆ

ಮಾನ್ಯ ಸಂಪಾದಕರೇ,

ಲೇಸರ್ ಬೆಳಕಿನಿಂದ ಮಾಹಿತಿ ಬರೆಯುವ ಬಗ್ಗೆ ನಿಮ್ಮ ವಿಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಕನ್ನಡದಲ್ಲಿ ಇಂಥದ್ದು ಬಂದಿದ್ದೇ ಖುಷಿ. ಆದರೆ ಬೆಳಕು ಸುರುಳಿಯಾಗಿ ಸುತ್ತುವ ಕಡೆಗೆ ಕಾಂತವೂ ತಿರುಗುತ್ತದೆ ಎಂದಷ್ಟೇ ಹೇಳಿ ಮುಗಿಸಿದ್ದೀರಿ. ಅದಕ್ಕಿಂತ ದೊಡ್ಡ ಸೋಜಿಗ ಬಿಟ್ಟುಹೋಗಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಲಿಗೆ ಸೂಜಿಯನ್ನು ಆಯಸ್ಕಾಂತಕ್ಕೆ ಉಜ್ಜಿ, ಅದರಿಂದ ಗುಂಡುಪಿನ್ನು ಎತ್ತಿ ತೋರಿಸುತ್ತೇನೆ. ಆಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗಾಗುವವರೆಗೆ ಕಾಯಿಸುತ್ತೇನೆ. ಆರಿದ ಮೇಲೆ ಅದೇ ಸೂಜಿ ಒಂದು ಪಿನ್ನನ್ನೂ ಎತ್ತುವುದಿಲ್ಲ. ಕಾಯಿಸಿದರೆ ಕಾಂತತ್ವ ಹೋಗುತ್ತದೆ ಅಂತ ಮಕ್ಕಳು ಬರೆದುಕೊಳ್ಳುತ್ತಾರೆ. ಈ ಸಲ ಒಬ್ಬ ಹುಡುಗಿ ಕೇಳಿದಳು: ‘ಮಿಸ್, ಹೋಗೋದು ಸರಿ. ಕಾಯಿಸಿದ್ರೆ ಉತ್ತರ ದಕ್ಷಿಣ ಅದಲು ಬದಲು ಆಗಲ್ವಾ?’

ಸೂಜಿಯಲ್ಲಿ ಹಾಗೆ ಆಗುವುದಿಲ್ಲ. ಗ್ಯಾಡೊಲಿನಿಯಂ ಎಂಬ ಲೋಹಕ್ಕೆ ಕಬ್ಬಿಣ, ಕೋಬಾಲ್ಟ್ ಬೆರೆಸಿದ ತೆಳು ಪದರದಲ್ಲಿ ಆಗುತ್ತದೆ. 2007ರಲ್ಲಿ ನೆದರ್ಲೆಂಡ್ಸ್‌ನ ನೈಮೇಖನ್ ನಗರದಲ್ಲಿ, ಹೊರಗಿನ ಯಾವ ಆಯಸ್ಕಾಂತದ ನೆರವೂ ಇಲ್ಲದೆ, 40 ಫೆಮ್ಟೊಸೆಕೆಂಡಿನ (ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲು) ಲೇಸರ್ ಪಲ್ಸ್‌ನಿಂದ, ಅಂದರೆ ಬೆಳಕಿನ ಒಂದು ಕಿರು ಮಿಡಿತದಿಂದ, ವಿಜ್ಞಾನಿಗಳು ಅಂಥ ಪದರದ ಕಾಂತದ ದಿಕ್ಕು ತಿರುಗಿಸಿದರು. ಬೆಳಕು ಕೂಡ ಒಂದು ತಲೆಗೂದಲಿನ ದಪ್ಪ ದಾಟಲಾಗದಷ್ಟು ಸಣ್ಣ ಹೊತ್ತು ಅದು. ಅವರು ಬಳಸಿದ್ದು ಸುರುಳಿ ಸುತ್ತುವ ಬೆಳಕು. ಬಲಕ್ಕೆ ಸುತ್ತಿದರೆ ಒಂದು ದಿಕ್ಕು, ಎಡಕ್ಕಾದರೆ ಇನ್ನೊಂದು. ನಿಮ್ಮ ಬರಹ ಇಲ್ಲಿಗೇ ನಿಂತಿದೆ. ಸುತ್ತದ ಬೆಳಕಾದರೂ ನಡೆಯುತ್ತದೆ, ತಟ್ಟನೆ ಬಿಸಿ ತಾಗಿದರೆ ಸಾಕು ಎಂದು 2012ರಲ್ಲಿ ಗೊತ್ತಾಯಿತು.

ಹೇಗೆ ಅಂತೀರಾ? ಈ ಪದರದಲ್ಲಿ ಕಬ್ಬಿಣದ ಪುಟ್ಟ ಕಾಂತಗಳು ಮೇಲಕ್ಕೆ ಮುಖ ಮಾಡಿದ್ದರೆ ಗ್ಯಾಡೊಲಿನಿಯಂನವು ಕೆಳಕ್ಕೆ. ಪಲ್ಸ್ ತಾಗಿದ ಕೂಡಲೇ ಎರಡೂ ಕುಗ್ಗುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಕಬ್ಬಿಣದ್ದು ಸುಮಾರು 300 ಫೆಮ್ಟೊಸೆಕೆಂಡಿನಲ್ಲಿ ಸೊನ್ನೆಗೆ ಬರುತ್ತದೆ. ಗ್ಯಾಡೊಲಿನಿಯಂಗೆ ಅದರ ಐದು ಪಟ್ಟು ಹೊತ್ತು ಬೇಕು. ಆ ಸಂದಿನಲ್ಲಿ ಕಬ್ಬಿಣ ಕೆಳಮುಖವಾಗಿ ಬೆಳೆಯತೊಡಗುತ್ತದೆ. ಯಾವಾಗಲೂ ಎದುರುಬದುರು ನಿಲ್ಲುವ ಈ ಎರಡೂ ಒಂದು ಗಳಿಗೆ ಒಂದೇ ಕಡೆ ಮುಖ ಮಾಡುತ್ತವೆ! ಬರ್ಲಿನ್‌ನಲ್ಲಿ ಎಕ್ಸ್‌ರೇ ಹಾಯಿಸಿ ಇದನ್ನೇ ಕಂಡರು, 2011ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಗ್ಯಾಡೊಲಿನಿಯಂ ಮೇಲಕ್ಕೆ ಹೊರಳುತ್ತದೆ. ಬೆಳಕು ತಾಗಿದ ಜಾಗವೆಲ್ಲ ತಲೆಕೆಳಗು. ಇನ್ನೊಂದು ಪಲ್ಸ್ ಕೊಟ್ಟರೆ ಮತ್ತೆ ಮೊದಲಿನಂತೆ.

ನಾಳೆಯೇ ಹಾರ್ಡ್ ಡಿಸ್ಕ್‌ಗಳು ಬದಲಾಗುತ್ತವೆ ಎಂಬ ನಿಮ್ಮ ಕೊನೆಯ ಮಾತು ಸ್ವಲ್ಪ ಅವಸರದ್ದು. ಡಿಸ್ಕ್‌ಗಳಲ್ಲಿ ಬಳಸುವಂಥ ಕೋಬಾಲ್ಟ್-ಪ್ಲಾಟಿನಂ ಪದರಗಳನ್ನು ತಿರುಗಿಸಲು ಸಾಮಾನ್ಯವಾಗಿ ಪಲ್ಸ್ ಮೇಲೆ ಪಲ್ಸ್ ಬೇಕಾಗುತ್ತದೆ. ಮಾಮೂಲಿ ಲೆನ್ಸ್‌ನಲ್ಲಿ ಮೂಡುವ ಲೇಸರ್ ಚುಕ್ಕೆಯೂ ಡಿಸ್ಕಿನ ಒಂದು ಬಿಟ್‌ಗಿಂತ (ಮಾಹಿತಿಯ ಒಂದು ತುಣುಕು ಕೂರುವ ಜಾಗಕ್ಕಿಂತ) ಎಷ್ಟೋ ಜಾಸ್ತಿ ದೊಡ್ಡದು.

ಸಾಧ್ಯವಾದರೆ ಆ ಎರಡು ಲೋಹಗಳನ್ನು ಬಾಣಗಳಾಗಿ ಬಿಡಿಸಿ, ಹಂತ ಹಂತವಾಗಿ ಒಂದು ಚಿತ್ರ ಹಾಕಿ. ಬೋರ್ಡಿನ ಮೇಲೆ ನಾನು ಗೀಚಿದ್ದು ಆ ಹುಡುಗಿಗೆ ಪೂರ್ತಿ ಅರ್ಥವಾಗಿಲ್ಲ. ನಿಮ್ಮ ಪುಟ ಕತ್ತರಿಸಿ ಅವಳ ಕೈಗೆ ಕೊಡಬೇಕು ಅಂತಿದ್ದೇನೆ.

– ವಿಜ್ಞಾನ ಶಿಕ್ಷಕಿ, ತುಮಕೂರು