ಗುಡ್ಡದ ಒಳಗಿನ ನೀರು

ಚೆಸ್ಟರ್, ಇಂಗ್ಲೆಂಡ್
ವಿಷು ಕಳೆದ ಮರುವಾರ

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ ನಮಸ್ಕಾರಗಳು.

ನಾನು ಕ್ಷೇಮ. ಗುಡ್ಡದೊಳಗಿಂದ ತೋಟಕ್ಕೆ ನೀರು ತರುವ ನಮ್ಮ ಸುರಂಗದ ನೀರು ನೂಲಿನಷ್ಟಾಗಿದೆ, ಮೇಲಿನ ಗುಡ್ಡದಲ್ಲಿ ಬೋರ್‌ವೆಲ್ ಕೊರೆಸುವ ಮಾತು ನಡೆದಿದೆ ಎಂದು ತಮ್ಮ ಮೊನ್ನೆ ಫೋನಿನಲ್ಲಿ ಹೇಳಿದ. ಫೋನಿನಲ್ಲಿ ವಾದಕ್ಕಿಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ, ನನಗೆ ಅಳು ಬರುತ್ತದೆ. ಅದಕ್ಕೇ ಈ ಕಾಗದ. ಅಜ್ಜಿಗೆ ಅಮ್ಮ ಓದಿ ಹೇಳಬೇಕು, ಇದರಲ್ಲಿ ಅಜ್ಜಿಗೊಂದು ಕಥೆಯೂ ಇದೆ.

ನಾನಿರುವಲ್ಲಿಂದ ಗಡಿ ದಾಟಿದರೆ ವೇಲ್ಸ್. ಅಲ್ಲಿ ಹೋಲಿವೆಲ್ ಎಂಬ ಊರು, ಊರಿನ ಇಳಿಜಾರಿನಲ್ಲೊಂದು ತೀರ್ಥ. ಕಥೆ 7ನೇ ಶತಮಾನದ್ದು. ವಿನಿಫ್ರೆಡ್ ಎಂಬ ಹುಡುಗಿ ತನ್ನ ಬಾಳು ದೇವರ ಸೇವೆಗೇ ಮುಡಿಪು ಎಂದಿದ್ದಳು. ಕಾರಡೋಕ್ ಎಂಬ ಅರಸುಮಗ ಬಂದು ಅವಳ ಮೇಲೆ ಕೈಹಾಕಿದ. ಅವಳು ತಪ್ಪಿಸಿಕೊಂಡು ಸೋದರಮಾವ ಬ್ಯೂನೋ ಸಂತನ ಗುಡಿಯತ್ತ ಓಡಿದಳು. ಅವನು ಬೆನ್ನಟ್ಟಿ ಬಂದು ಕತ್ತಿ ಬೀಸಿದ. ರುಂಡ ಉರುಳಿ ನಿಂತಲ್ಲಿ ನೀರು ಚಿಮ್ಮಿತು. ಮಾವ ರುಂಡವನ್ನು ಮುಂಡಕ್ಕೆ ಸೇರಿಸಿ ಪ್ರಾರ್ಥಿಸಿದಾಗ ಹುಡುಗಿಗೆ ಜೀವ ಬಂತು, ಕತ್ತಿನ ಸುತ್ತ ಬಿಳಿಯ ಗೆರೆಯೊಂದು ಮಾತ್ರ ಉಳಿಯಿತು. ಕಾರಡೋಕನನ್ನು ಭೂಮಿಯೇ ಬಾಯಿಬಿಟ್ಟು ನುಂಗಿತಂತೆ. ನಮ್ಮ ತುಳು ಪಾಡ್ದನದ ಹಾಡುಗಳಲ್ಲೂ ಹೆಣ್ಣನ್ನು ಕಾಡಿದವರಿಗೆ ಒಳ್ಳೆಯ ಗತಿ ಇಲ್ಲವಲ್ಲ.

ಅಲ್ಲಿಗೆ ಜನ ಬರುವುದು ನಿಂತದ್ದೇ ಇಲ್ಲ. ಇಂಥ ಯಾತ್ರೆಗಳಿಗೆ ನಿಷೇಧವಿದ್ದ ಕಾಲದಲ್ಲೂ ಕದ್ದುಮುಚ್ಚಿ ಬಂದರು. ಇಂಗ್ಲೆಂಡಿನ ದೊರೆ ಎರಡನೇ ಜೇಮ್ಸ್ ಕೂಡ ಬಂದು ಗಂಡುಮಗು ಬೇಡಿಕೊಂಡನಂತೆ. ಮಗು 1688ರಲ್ಲಿ ಹುಟ್ಟಿತು, ಅದೇ ವರ್ಷ ಸಿಂಹಾಸನ ಹೋಯಿತು.

ಒರತೆಯ ಮೇಲೆ 16ನೇ ಶತಮಾನದ ಆರಂಭದ ಕಲ್ಲಿನ ಮಂಟಪವಿದೆ. ಕಮಾನುಗಳ ಕೆಳಗೆ ನಕ್ಷತ್ರದಾಕಾರದ ಕಟ್ಟೆ, ಅದರೊಳಗೆ ಗುಳುಗುಳು ಎಂದು ಏಳುವ ನೀರು. ಮೂರು ಸಲ ಮುಳುಗುವುದು ಅಥವಾ ಹಾಯುವುದು ಸಂಪ್ರದಾಯ. ಗುಣವಾದವರು ಗೋಡೆಯಲ್ಲಿ ಹೆಸರು ಕೆತ್ತಿದ್ದಾರೆ, ಊರುಗೋಲು ಬಿಟ್ಟುಹೋಗಿದ್ದಾರೆ. ಕಲ್ಲಿನ ಮೇಲಿನ ಕೆಂಪು ಕಲೆ ಅವಳ ರಕ್ತವೆಂದು ಭಕ್ತರ ನಂಬಿಕೆ. ಅದೊಂದು ಬಗೆಯ ಪಾಚಿ. ರೋಗಿಯೊಬ್ಬನನ್ನು ಬೆನ್ನ ಮೇಲೆ ಹೊತ್ತು ತರುವವನ ಪುಟ್ಟ ಕೆತ್ತನೆಯೂ ಅಲ್ಲಿದೆ, ಎಷ್ಟು ಶತಮಾನದ ಕೈ ಸವರಿಯೋ ಏನೋ ಮುಖವೆಲ್ಲ ಸವೆದಿದೆ. ವಾರ್ಡಿನಲ್ಲಿ ದಿನವೂ ರೋಗಿಗಳನ್ನು ಎತ್ತಿ ಕೂರಿಸುವ ನನಗೆ ಆ ಹೊರುವವನ ಮೇಲಿನಿಂದ ಕಣ್ಣು ಕೀಳಲಾಗಲಿಲ್ಲ.

ಔಷಧಿ ಬಿಟ್ಟು ತೀರ್ಥಕ್ಕೆ ಹೋಗಿ ಎಂದು ನರ್ಸ್ ಆಗಿ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಚಿಕ್ಕಂದಿನಲ್ಲಿ ನನ್ನ ಕಜ್ಜಿಗೆಂದು ಅಮ್ಮ ಇರ್ದೆಯ ಬೆಂದ್ರುತೀರ್ಥಕ್ಕೆ ಕರೆದೊಯ್ದದ್ದು, ಗಂಧಕದ ವಾಸನೆಯ ಆ ಬೆಚ್ಚನೆ ನೀರಿನಲ್ಲಿ ಮುಳುಗಿಸಿದ್ದು ಮರೆತಿಲ್ಲ. ಗಂಧಕ ಚರ್ಮಕ್ಕೆ ಮದ್ದು ಎಂದು ಆಮೇಲೆ ಪಾಠದಲ್ಲೂ ಓದಿದೆ.

ಈಗ ಅಪ್ಪ ಗಮನವಿಟ್ಟು ಓದಬೇಕು. ಹೋಲಿವೆಲ್ಲಿನ ಹಿಂದಿನ ಬೆಟ್ಟದಲ್ಲಿ ಸೀಸದ ಗಣಿಗಳಿದ್ದವು. ಗಣಿಯೊಳಗೆ ತುಂಬುವ ನೀರನ್ನು ಬಸಿದು ಹೊರಗೆ ಬಿಡಲು 1897ರಲ್ಲಿ ಉದ್ದದ ಸುರಂಗವೊಂದನ್ನು ಕೊರೆಯಲು ಶುರುಮಾಡಿದರು. ವರ್ಷಗಟ್ಟಲೆ ಕೊರೆಯುತ್ತ ಹೋದ ಅದು 1917ರ ಜನವರಿಯಲ್ಲಿ ಒರತೆಯ ಮೂಲಕ್ಕೇ ತಾಗಿತು. ಅಷ್ಟು ಶತಮಾನ ಹರಿದ ತೀರ್ಥ ಒಣಗಿಹೋಯಿತು. ಸಂತನ ವರವಾಗಲಿ ದೊರೆಯ ಹರಕೆಯಾಗಲಿ ತಡೆಯಲಿಲ್ಲ. ಅದೇ ವರ್ಷ ನೆಲದಡಿಯ ಬೇರೊಂದು ಮೂಲದಿಂದ ನೀರು ತಿರುಗಿಸಿ ತಂದರು, ಮೊದಲಿನ ಸೆಳೆತ ಮಾತ್ರ ಬರಲಿಲ್ಲ. ಈಗ ಭಕ್ತರು ಮೀಯುವುದು ಆ ತಂದ ನೀರಿನಲ್ಲಿ.

ನಮ್ಮದೂ ಸುರಂಗವೇ, ಆದರೆ ಅದರ ರೀತಿಯೇ ಬೇರೆ. ಅಜ್ಜ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟೇ ಅಗಲಕ್ಕೆ ತೋಡಿಸಿದ್ದು. ಗಾಳಿ ಸಾಕಿದೆಯೇ ಎಂದು ತಿಳಿಯಲು ಒಳಗೆ ದೀಪ ಹಚ್ಚಿಟ್ಟು, ಒಬ್ಬ ಪಿಕ್ಕಾಸಿನಲ್ಲಿ ಕಡಿದು, ಉಳಿದವರು ಬುಟ್ಟಿಯಲ್ಲಿ ಮಣ್ಣು ಹೊರಗೆ ಹೊತ್ತು ಮಾಡಿದ ಕೆಲಸ. ಪಂಪಿಲ್ಲ, ಕರೆಂಟಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಡಿದದ್ದು ಬೇಸಿಗೆಯಲ್ಲಿ ತಾನಾಗಿ ಜಿನುಗಿ, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ಟಾಂಕಿಗೆ ಬೀಳುತ್ತಿತ್ತು. ಗುಡ್ಡ ಕೊಟ್ಟಷ್ಟೇ ನಮಗೆ. ಬೋರ್‌ವೆಲ್ಲಿಗೆ ಆ ಲೆಕ್ಕವಿಲ್ಲ. ಸುರಂಗದ ನೆತ್ತಿಯಲ್ಲೇ ಕೊರೆದು, ತೂತಿನ ಬದಿಗೆ ಇಳಿಸುವ ಕೇಸಿಂಗ್ ಪೈಪು ಸರಿಯಾಗದಿದ್ದರೆ ಮೇಲ್ಪದರದ ನೀರೆಲ್ಲ ಆ ತೂತಿನಲ್ಲೇ ಪಾತಾಳಕ್ಕೆ ಇಳಿದುಹೋಗುತ್ತದೆ.

ಸುರಂಗದ ಬಾಯಿಯ ಹತ್ತಿರ ಚಪ್ಪಲಿ ಮೆಟ್ಟಿದರೆ, ಉಗುಳಿದರೆ ಅಜ್ಜಿ ಬಿಡುತ್ತಿರಲಿಲ್ಲ. ನೀರು ಅಷ್ಟು ಚೊಕ್ಕವಾಗಿ ಉಳಿದದ್ದು ಆ ಗದರಿಕೆಯಿಂದಲೇ ಎಂದು ನನ್ನ ಗಟ್ಟಿ ನಂಬಿಕೆ. ಕಾಸರಗೋಡಿನ ಅನಂತಪುರ ದೇವಸ್ಥಾನದ ಕೆರೆಯನ್ನೇ ನೋಡಿ. ವಿಲ್ವಮಂಗಲ ಸ್ವಾಮಿಗಳು ಎಡಗೈಯಲ್ಲಿ ತಳ್ಳಿದ ಹುಡುಗ ಗುಹೆಯಲ್ಲಿ ಮಾಯವಾದ, ಅವನೇ ಅನಂತಪದ್ಮನಾಭ ಎಂಬ ಕಥೆ. ನೈವೇದ್ಯ ತಿಂದುಕೊಂಡು ಕಾವಲಿಗಿದ್ದದ್ದು ಬಬಿಯಾ ಎಂಬ ಮೊಸಳೆ. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಾಗ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೇವರ ಮೊಸಳೆ ಇರುವ ಕೆರೆಗೆ ಕಸ ಎಸೆಯಲು ಯಾರ ಕೈ ಏಳುತ್ತದೆ? ಕಥೆ ಇರುವ ನೀರಿಗೆ ಕಾಯುವವರಿರುತ್ತಾರೆ. ನಮ್ಮ ಸುರಂಗಕ್ಕೆ ದೇವರ ಕಥೆಯಿಲ್ಲ, ನಾವೇ ಇರುವುದು.

ಹಾಗಾಗಿ ಅಪ್ಪಾ, ಬೋರ್‌ವೆಲ್ ಲಾರಿಯವರಿಗೆ ಸದ್ಯ ಬೇಡ ಎನ್ನಿ. ಸುರಂಗದ ಕೆಲಸ ಬಲ್ಲವರನ್ನು ಕರೆಸಿ, ಒಳಗೆ ಕುಸಿದ ಮಣ್ಣು ತೆಗೆಸಿ ನೋಡಿ. ದೀಪ ಹಿಡಿಯದೆ ತಮ್ಮನನ್ನು ಮಾತ್ರ ಒಳಗೆ ಬಿಡಬೇಡಿ. ಮಳೆ ಹಿಡಿಯುವ ಮೊದಲು ಗುಡ್ಡದ ಮೇಲೆ ಇಂಗುಗುಂಡಿ ತೋಡಿಸಿ, ಮಳೆನೀರು ನಿಲ್ಲುವ ಹಳೆಯ ಮದಕದ ಹೂಳು ತೆಗೆಸಿ. ಖರ್ಚು ನಾನು ಕಳಿಸುತ್ತೇನೆ. ಇಷ್ಟಾಗಿಯೂ ತೋಟ ಉಳಿಯುವುದಿಲ್ಲ ಎಂದಾದರೆ ಸುರಂಗದಿಂದ ಆದಷ್ಟು ದೂರ, ಕೆಳಗಿನ ತೋಟದಲ್ಲಿ ಕೊರೆಸಿ. ಕೇಸಿಂಗ್ ಪೈಪು ಗಟ್ಟಿ ಬಂಡೆಯವರೆಗೆ ಇಳಿಯಲೇಬೇಕು ಎಂದು ಎದುರು ನಿಂತು ಹೇಳಿ.

ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಅಜ್ಜಿಯನ್ನೂ ಒಂದು ಮಾತು ಕೇಳಿ. ಆ ಸುರಂಗ ತೋಡುವಾಗ ಬುಟ್ಟಿಯಲ್ಲಿ ಮಣ್ಣು ಹೊತ್ತವರಲ್ಲಿ ಅವರೂ ಒಬ್ಬರು.

ಇಂತಿ ನಿಮ್ಮ ಮಗಳು