ರೆಕಾರ್ಡ್ ಒತ್ತಿದರೆ ಜಿಪಿಎಸ್ ಮಾಯ: ಡ್ರೋನ್ ರಿಪೇರಿ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕ್ಯಾಮೆರಾ ಚಾಲೂ ಆದಾಗ ಡ್ರೋನ್‌ನ ಜಿಪಿಎಸ್ ಸಿಗ್ನಲ್ ಬಿದ್ದುಹೋಗುವುದು ಮತ್ತು ವಾರಂಟಿ ನಿರಾಕರಣೆ

ನಮಸ್ಕಾರ.

ನಿಮ್ಮ ಸರ್ವಿಸ್ ಸೆಂಟರ್‌ನಿಂದ ನನ್ನ ಡ್ರೋನ್ ವಾಪಸ್ ಬಂದಿದೆ. ಜೊತೆಗೆ ಒಂದು ಚೀಟಿ: ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.’ ಕಳಿಸುವಾಗ ಏನು ತೊಂದರೆ ಇತ್ತೋ ಬಂದಾಗಲೂ ಅದೇ ಇದೆ. ಕೆಳಗಿನವರ ಜೊತೆ ಮಾತಾಡಿ ಸಾಕಾಯಿತು, ಅದಕ್ಕೇ ನೇರವಾಗಿ ನಿಮಗೆ ಬರೆಯುತ್ತಿದ್ದೇನೆ.

ಬಯಲಲ್ಲಿ ಇಟ್ಟು ಆನ್ ಮಾಡಿದರೆ ಒಂದೆರಡು ನಿಮಿಷದಲ್ಲಿ 16 ಸ್ಯಾಟಲೈಟ್ ಸಿಗುತ್ತವೆ. ಹೋಮ್ ಪಾಯಿಂಟ್ ಸೇವ್ ಆಗುತ್ತದೆ. ಮೇಲೇರಿಸಿ ಸ್ಟಿಕ್ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಇಲ್ಲಿವರೆಗೆ ತಕರಾರಿಲ್ಲ. ರೆಕಾರ್ಡ್ ಬಟನ್ ಒತ್ತಿದ ಕೂಡಲೇ ಶುರುವಾಗುತ್ತದೆ ನೋಡಿ. 16 ಇದ್ದದ್ದು 11, ಆಮೇಲೆ 7, ಆಮೇಲೆ 5. ಎಚ್‌ಡಿಒಪಿ (ಸ್ಥಾನದ ನಿಖರತೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 0.8 ಇದ್ದದ್ದು 4 ದಾಟುತ್ತದೆ. ಪೊಸಿಷನ್ ಹೋಲ್ಡ್ ಕೈಬಿಟ್ಟು ಡ್ರೋನ್ ಗಾಳಿ ತಳ್ಳಿದ ಕಡೆ ಜಾರಿಕೊಂಡು ಹೋಗುತ್ತದೆ. ರೆಕಾರ್ಡಿಂಗ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಸ್ಯಾಟಲೈಟ್‌ಗಳು ಒಂದೊಂದಾಗಿ ಮರಳುತ್ತವೆ. ನಾಲ್ಕು ಕೆ ವಿಡಿಯೋದಲ್ಲಿ ಈ ಕಾಟ ಜಾಸ್ತಿ, 1080ರಲ್ಲಿ ಸ್ವಲ್ಪ ಕಡಿಮೆ.

ಇದನ್ನೆಲ್ಲ ಮೊದಲ ಮೇಲ್‌ನಲ್ಲೇ ಬರೆದಿದ್ದೆ. ಉತ್ತರ ಬಂದದ್ದು: ಕಂಪಾಸ್ ಕ್ಯಾಲಿಬ್ರೇಟ್ ಮಾಡಿ. ಮಾಡಿದೆ. ಮತ್ತೆ ಬರೆದರೆ ಮತ್ತೆ ಅದೇ ಉತ್ತರ. ಕಂಪಾಸ್ ಕ್ಯಾಲಿಬ್ರೇಷನ್‌ಗೂ ಸ್ಯಾಟಲೈಟ್ ಸಂಖ್ಯೆಗೂ ಏನು ಸಂಬಂಧ? ಕಂಪಾಸ್ ಭೂಮಿಯ ಕಾಂತಕ್ಷೇತ್ರ ಓದುತ್ತದೆ, ಜಿಪಿಎಸ್ ರಿಸೀವರ್ ರೇಡಿಯೋ ಸಿಗ್ನಲ್ ಹಿಡಿಯುತ್ತದೆ. ಒಂದೇ ಡಬ್ಬಿಯಲ್ಲಿ ಕೂತಿವೆ ಅಷ್ಟೇ. ಆಮೇಲೆ ‘ಲಾಕ್ ಆಗಲು ಇನ್ನೂ ಸ್ವಲ್ಪ ಕಾಯಿರಿ’ ಅಂದರು, ಅಂದರೆ ರಿಸೀವರ್ ಸ್ಯಾಟಲೈಟ್ ಸಿಗ್ನಲ್ ಹಿಡಿಯುವವರೆಗೆ. ಬಹಳ ದಿನ ಆಫ್ ಇಟ್ಟ ರಿಸೀವರ್‌ಗೆ ಇದು ಸರಿಯಾದ ಸಲಹೆ, ಒಪ್ಪುತ್ತೇನೆ. ಪ್ರತಿ ಸ್ಯಾಟಲೈಟ್ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ, ಪೂರ್ತಿ ಆಲ್ಮನಾಕ್ (ಎಲ್ಲ ಸ್ಯಾಟಲೈಟ್‌ಗಳ ಸ್ಥೂಲ ಕಕ್ಷೆಗಳ ಪಟ್ಟಿ) ಬರಲು ಹನ್ನೆರಡೂವರೆ ನಿಮಿಷ ಬೇಕು. ಆದರೆ ನನ್ನದರಲ್ಲಿ ಲಾಕ್ ಆಗುವುದಿಲ್ಲ ಅಂತಲ್ಲ, ಆದ ಲಾಕ್ ಬಿಟ್ಟುಹೋಗುತ್ತದೆ ಅಂತ ದೂರು. ಇನ್ನೊಬ್ಬರಂತೂ ಸೌರ ಚಟುವಟಿಕೆ ಜಾಸ್ತಿ ಇರಬಹುದು ಅಂದರು. ಸೂರ್ಯ ಏನು, ನನ್ನ ರೆಕಾರ್ಡ್ ಬಟನ್ ನೋಡಿಕೊಂಡು ಕೆರಳುತ್ತಾನಾ?

ಕೊನೆಗೆ ನಿಮ್ಮ ಚಾಟ್ ಸಿಬ್ಬಂದಿಯೇ ‘ಮೇಲಿನ ಮುಚ್ಚಳ ಬಿಚ್ಚಿ ಜಿಪಿಎಸ್ ಕನೆಕ್ಟರ್ ಸಡಿಲ ಆಗಿದೆಯಾ ನೋಡಿ’ ಅಂದರು. ಬಿಚ್ಚಿದೆ. ಕನೆಕ್ಟರ್ ಗಟ್ಟಿಯಾಗಿಯೇ ಇತ್ತು. ಆದರೆ ಕ್ಯಾಮೆರಾದ ರಿಬ್ಬನ್ ಕೇಬಲ್ ಜಿಪಿಎಸ್‌ನ ಸೆರಾಮಿಕ್ ಆಂಟೆನಾ ಅಡಿಯಲ್ಲೇ ಹಾದುಹೋಗಿದೆ. ನಡುವೆ ಶೀಲ್ಡ್ ಆಗಿ, ಅಂದರೆ ತಡೆಗೋಡೆಯಾಗಿ, ಒಂದು ಫಾಯಿಲ್ ತುಂಡು ಇದೆ. ಅದರ ಒಂದು ಮೂಲೆ ಮಾತ್ರ ಅಂಟಿಕೊಂಡಿದೆ, ಉಳಿದದ್ದು ಮೇಲೆದ್ದು ನಿಂತಿದೆ. ಸರ್ಕ್ಯೂಟ್‌ನ ಗ್ರೌಂಡ್‌ಗೆ (ಅರ್ತ್‌ಗೆ) ಎಲ್ಲೂ ತಾಗಿಲ್ಲ. ಆ ಫೋಟೋ ಕೂಡ ನಿಮಗೆ ಕಳಿಸಿದ್ದೇನೆ.

ಇದು ನಿಮ್ಮ ಎಂಜಿನಿಯರುಗಳಿಗೆ ಹೊಸ ವಿಷಯವೇನಲ್ಲ. ಜಿಪಿಎಸ್ ಸ್ಯಾಟಲೈಟ್‌ಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಸಿಗ್ನಲ್ ನೆಲ ಮುಟ್ಟುವಾಗ ರಿಸೀವರ್‌ನ ಸ್ವಂತ ವಿದ್ಯುತ್ ಗದ್ದಲ, ಅಂದರೆ ನಾಯ್ಸ್‌ಗಿಂತಲೂ ಕ್ಷೀಣವಾಗಿರುತ್ತದೆ. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ ಅದನ್ನು ಹೆಕ್ಕಬೇಕು. ಪಕ್ಕದಲ್ಲೇ ವೇಗವಾಗಿ ಡೇಟಾ ಹರಿಯುವ ಕೇಬಲ್ ಇದ್ದರೆ ಅದರ ನಾಯ್ಸ್ ಇದೇ ಫ್ರೀಕ್ವೆನ್ಸಿಗೆ ನುಗ್ಗಬಹುದು. ಯುರೋಪಿನ ಸ್ಯಾಟಲೈಟ್ ವ್ಯವಸ್ಥೆ ಗೆಲಿಲಿಯೋದ ಇ1 ಸಿಗ್ನಲ್ ಕೂಡ ಇದೇ ಫ್ರೀಕ್ವೆನ್ಸಿಯಲ್ಲಿದೆ. ಹಾಗಾಗಿ ‘ನಮ್ಮದು ಮಲ್ಟಿ ಜಿಎನ್‌ಎಸ್‌ಎಸ್’ (ಜಿಪಿಎಸ್ ಜೊತೆ ಬೇರೆ ಸ್ಯಾಟಲೈಟ್ ವ್ಯವಸ್ಥೆಗಳನ್ನೂ ಬಳಸುವಂಥದ್ದು) ಅನ್ನುವುದರಿಂದ ಇಲ್ಲಿ ದೊಡ್ಡ ಉಪಯೋಗವಿಲ್ಲ.

ಕೇಬಲ್ ಕಿತ್ತು ನೋಡಿದೆ, ಸ್ಯಾಟಲೈಟ್ 16ರಿಂದ ಕದಲಲಿಲ್ಲ. ಕೇಬಲ್ ಮೇಲೆ ತಾಮ್ರದ ಟೇಪ್ ಸುತ್ತಿ ಗ್ರೌಂಡ್‌ಗೆ ತಾಗಿಸಿ ರೆಕಾರ್ಡ್ ಮಾಡಿದರೆ 13ಕ್ಕೆ ಬಂದು ನಿಂತಿತು. ಟೇಪ್ ತೆಗೆದರೆ ಮತ್ತೆ 5. ರೆಕಾರ್ಡಿಂಗ್ ಇಲ್ಲದಾಗ 42–44 ಡಿಬಿ-ಹರ್ಟ್ಸ್ ಇರುವ ಸಿಗ್ನಲ್ ಬಲ ರೆಕಾರ್ಡಿಂಗ್ ಹೊತ್ತಿಗೆ 29ಕ್ಕೆ ಇಳಿಯುವುದು ಲಾಗ್‌ನಲ್ಲಿ ಕಾಣುತ್ತದೆ. ಇಷ್ಟೆಲ್ಲ ನಿಮ್ಮ ಟೆಕ್ನೀಷಿಯನ್ ಮಾಡಬೇಕಿತ್ತು, ಅಲ್ವಾ? ಅವರ ರಿಪೋರ್ಟ್ ಓದಿದೆ. ಕ್ಯಾಮೆರಾ ಆಫ್ ಇಟ್ಟು, ಲಾಕ್ ಆಯಿತು ಅಂತ ನೋಡಿ, ಟಿಕ್ ಹಾಕಿದ್ದಾರೆ. ನಾನು ದೂರು ಕೊಟ್ಟಿದ್ದೇ ಕ್ಯಾಮೆರಾ ಆನ್ ಇದ್ದಾಗಿನ ಬಗ್ಗೆ.

ಇದು ಬರೀ ಕಿರಿಕಿರಿ ಅಂತ ತಳ್ಳಿಹಾಕಬೇಡಿ. 8 ಸ್ಯಾಟಲೈಟ್‌ಗಿಂತ ಕಡಿಮೆ ಇದ್ದರೆ ರಿಟರ್ನ್ ಟು ಹೋಮ್ ಕೆಲಸ ಮಾಡುವುದಿಲ್ಲ ಅಂತ ನಿಮ್ಮ ಕೈಪಿಡಿಯಲ್ಲೇ ಇದೆ. ಅಂದರೆ ವಿಡಿಯೋ ತೆಗೆಯುವಾಗ ರಿಮೋಟ್ ಸಂಪರ್ಕ ತಪ್ಪಿದರೆ ಡ್ರೋನ್ ಮನೆಗೆ ಬರುವುದಿಲ್ಲ. ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಿಲ್ಲ. ಕ್ಯಾಮೆರಾ ಡ್ರೋನ್ ಅಂತ ಮಾರಿದ ಮೇಲೆ ಕ್ಯಾಮೆರಾ ಮುಟ್ಟದೆ ಹಾರಿಸಿ ಅನ್ನಲಾಗುತ್ತದಾ?

ಇಷ್ಟರ ಮೇಲೆ ವಾರಂಟಿ ರದ್ದು ಮಾಡಿದ್ದೀರಿ. ಕಾರಣ: ಸ್ಕ್ರೂ ಮೇಲಿನ ಸೀಲ್ ಒಡೆದಿದೆ. ಸೀಲ್ ಒಡೆಯದೆ ಮುಚ್ಚಳ ಬಿಚ್ಚುವುದು ಹೇಗೆ ಅಂತ ನಿಮ್ಮ ಚಾಟ್ ಸಿಬ್ಬಂದಿಯನ್ನೇ ಕೇಳಿ. ಅವರು ಬಿಚ್ಚಿ ಅಂದ ಚಾಟ್‌ನ ಪ್ರತಿ ಈ ಪತ್ರದ ಜೊತೆಗಿದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ವಾರಂಟಿ ಮೊದಲಿನಂತೆ ಊರ್ಜಿತ ಅಂತ ಲಿಖಿತವಾಗಿ ತಿಳಿಸಿ. ಡ್ರೋನ್ ತರಿಸಿಕೊಂಡು ಬಯಲಲ್ಲಿ, ನಾಲ್ಕು ಕೆ ರೆಕಾರ್ಡಿಂಗ್ ಓಡುತ್ತಿರುವಾಗಲೇ ಪರೀಕ್ಷಿಸಿ, ಆ ಲಾಗ್ ನನಗೆ ಕಳಿಸಿ. ಶೀಲ್ಡ್ ಸರಿಯಾಗಿ ಕೂರಿಸುವುದೋ, ಜಿಪಿಎಸ್ ಮಾಡ್ಯೂಲ್ ಕೇಬಲ್‌ನಿಂದ ದೂರ ಎತ್ತರಿಸುವುದೋ, ಅದು ನಿಮಗೆ ಬಿಟ್ಟದ್ದು. ಈ ಮಾಡೆಲ್‌ನ ಎಲ್ಲ ಡ್ರೋನ್‌ಗಳಲ್ಲೂ ಕೇಬಲ್ ಹೀಗೇ ಹಾಕಿದ್ದರೆ ರಿಪೇರಿ ಬೇಡ, ಹಣ ವಾಪಸ್ ಕೊಡಿ. ಸಾಗಾಟದ ಖರ್ಚು ಈ ಸಲ ನಾನು ಕೊಡುವುದಿಲ್ಲ.

ಹದಿನೈದು ದಿನದೊಳಗೆ ಉತ್ತರ ಬರಲಿ. ಬರದಿದ್ದರೆ ಇದೇ ದಾಖಲೆಗಳ ಜೊತೆ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. ಇನ್ನೊಂದು ವಿನಂತಿ: ಕಂಪಾಸ್ ಕ್ಯಾಲಿಬ್ರೇಟ್ ಮಾಡಿ ಅಂತ ಮಾತ್ರ ಮತ್ತೆ ಬರೆಯಬೇಡಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಸರ್ವಿಸ್ ರಿಪೋರ್ಟ್, ಹಾರಾಟದ ಲಾಗ್, ಕೇಬಲ್ ಮತ್ತು ಫಾಯಿಲ್‌ನ ಫೋಟೋಗಳು, ಚಾಟ್‌ನ ಪ್ರತಿ