ಪಲ್ಪರ್ ನಿಲ್ಲಿಸಿದ ದಿನ

ಸ್ಯಾನ್ ಆಂಟೋನಿಯೊ, ಟೆಕ್ಸಾಸ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾವು ಕ್ಷೇಮ. ಸೋಮವಾರಪೇಟೆಯಲ್ಲಿ ಮಳೆ ಹಿಡಿದಿದೆ ಅಂತ ಅಮ್ಮ ಹೇಳಿದರು. ತೋಟದ ಕಡೆ ಹೋಗುವಾಗ ಜೋಪಾನ.

ಹೋದ ವಾರ ಫೋನಿನಲ್ಲಿ ನೀವು "ತಲೆನೋವಿಗೂ ಪೆನ್ಶನ್ ಕೊಡ್ತಾರಾ?" ಅಂತ ಕೇಳಿದಿರಿ. ಇವರು ಪಕ್ಕದಲ್ಲೇ ಇದ್ದರು, ಅದಕ್ಕೆ ನಾನು ಸುಮ್ನೆ ಮಾತು ಬದಲಿಸಿದೆ. ಈಗ ಇವರು ಮಲಗಿದ್ದಾರೆ. ಇವತ್ತೂ ಅದೇ ನೋವು. ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಬಂದು, ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಿಕ್ಸಿ ಹಾಕುವ ಹಾಗಿಲ್ಲ, ಕುಕ್ಕರ್ ಕೂಗಿಸುವ ಹಾಗಿಲ್ಲ.

ಕೊಡುತ್ತಾರೆ ಅಪ್ಪ. 2011ರಲ್ಲಿ ಇವರು ಅಮೆರಿಕದ ಸೈನ್ಯದಲ್ಲಿದ್ದಾಗ ಅಫ್ಘಾನಿಸ್ತಾನದಲ್ಲಿ ಇವರ ಗಾಡಿಯ ಪಕ್ಕ ಬಾಂಬ್ ಸಿಡಿದದ್ದು ನಿಮಗೆ ಗೊತ್ತು. ಮೈಮೇಲೆ ಒಂದು ಗೀರೂ ಆಗಲಿಲ್ಲ. ಆದರೆ ಕಿವಿಯಲ್ಲಿ ಅವತ್ತು ಶುರುವಾದ ಗುಂಯ್ ಸದ್ದು ಇನ್ನೂ ನಿಂತಿಲ್ಲ. ಅದರ ಬೆನ್ನಿಗೇ ತಲೆನೋವು ಬಂತು. ರೋಗ ಸೇವೆಯಿಂದ ಬಂದದ್ದೋ, ಸೇವೆಯಿಂದ ಜಾಸ್ತಿಯಾದದ್ದೋ ಅಂತ ನಿಮ್ಮ ಸೈನ್ಯದ ಕಡೆ ಕೇಳುತ್ತಾರಲ್ವಾ, ಇಲ್ಲೂ ಹಾಗೇ. ಇವರದು ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದಾರೆ. ಪ್ರಶ್ನೆ ಇರುವುದು ಎಷ್ಟು ಅನ್ನುವುದರಲ್ಲಿ.

ಇವರಿಗಿರುವ ಈ ಥರದ ತಲೆನೋವಿಗೆ, ಅಂದರೆ ಮೈಗ್ರೇನ್‌ಗೆ, ಅಂಗವೈಕಲ್ಯ ಎಷ್ಟು ಅಂತ ಅಳೆಯಲು ಇಲ್ಲಿ ನಾಲ್ಕೇ ಮೆಟ್ಟಿಲು: ಶೇಕಡಾ 0, 10, 30, 50. ಕಾನೂನಿನಲ್ಲಿ ಇರುವ ಪದ 'ಪ್ರಾಸ್ಟ್ರೇಟಿಂಗ್'. ಆ ಪದವನ್ನು ಎಷ್ಟು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೋ. ಕೆಡವಿ ಮಲಗಿಸುವ ನೋವು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಅಂಥ ನೋವು ಎರಡು ತಿಂಗಳಿಗೊಮ್ಮೆ ಬಂದರೆ 10, ತಿಂಗಳಿಗೊಮ್ಮೆ ಬಂದರೆ 30. ಪದೇಪದೇ ಬಂದು, ಬಹಳ ಹೊತ್ತು ಉಳಿದು, ದುಡಿಮೆಗೇ ದೊಡ್ಡ ಪೆಟ್ಟು ಕೊಡುವಂತಿದ್ದರೆ 50. ಅದರ ಮೇಲೆ ಮೆಟ್ಟಿಲಿಲ್ಲ.

ಇವರಿಗೆ ಬಂದದ್ದು 10. ನೋವು ಬರುವುದು ತಿಂಗಳಿಗೆ ಮೂರು ಸಲ.

ತೀರ್ಮಾನದ ಪತ್ರ ಓದಿದ ದಿನ ನನಗೆ ಅಳು ಬಂತು. ಆಮೇಲೆ ಇಡೀ ಫೈಲ್ ತರಿಸಿ ಓದಿದೆ. ನೋವು ಇದ್ದಾಗ ಇವರಿಗೆ ಕಾರು ಓಡಿಸಲು ಆಗುವುದಿಲ್ಲ, ಹಾಗಾಗಿ ಡಾಕ್ಟರ ಹತ್ತಿರ ಹೋಗುವುದು ಇಳಿದ ಮೇಲೆ. "ಹೇಗಿದ್ದೀರಿ?" ಅಂದರೆ ಮಿಲಿಟರಿಯವರ ಬಾಯಲ್ಲಿ ಬರುವುದು "ಪರವಾಗಿಲ್ಲ" ಅಂತ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾ? ವರ್ಷಗಟ್ಟಲೆ ಚೀಟಿಗಳಲ್ಲಿ ಆ "ಪರವಾಗಿಲ್ಲ" ಕೂತಿದೆ. ಕತ್ತಲೆ ಕೋಣೆ ಒಂದು ಚೀಟಿಯಲ್ಲೂ ಇಲ್ಲ.

ತೀರ್ಮಾನ ಒಪ್ಪದಿದ್ದರೆ, ಮೊದಲ ಅರ್ಜಿಯ ದಿನ ಕೈತಪ್ಪಬಾರದು ಅಂದರೆ ಒಂದು ವರ್ಷದೊಳಗೆ ಕೇಳಬೇಕು. 2019ರ ಫೆಬ್ರವರಿಯಿಂದ ಮೂರು ದಾರಿ ಇವೆ. ಹಿರಿಯ ಅಧಿಕಾರಿಯೊಬ್ಬರು ಅದೇ ಫೈಲನ್ನು ಹೊಸದಾಗಿ ನೋಡುವುದು ಒಂದು, ಅಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಮೇಲ್ಮನವಿ ಬೋರ್ಡಿನ ನ್ಯಾಯಾಧೀಶರ ಬಳಿ ಹೋಗುವುದು ಇನ್ನೊಂದು. ಮೂರನೆಯದು ಹೊಸ ಸಾಕ್ಷಿ ಕೊಟ್ಟು ಮತ್ತೆ ಕೇಳುವುದು. ನಮ್ಮ ಫೈಲಿನಲ್ಲಿ ಸಾಕ್ಷಿಯೇ ಇಲ್ಲದಿರುವಾಗ ಅದನ್ನೇ ಇನ್ನೊಬ್ಬರು ನೋಡಿ ಏನು ಬಂತು? ನಾವು ಮೂರನೆಯದನ್ನು ಹಿಡಿದಿದ್ದೇವೆ. ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಸಂಘದವರು ಒಂದು ಡಾಲರ್ ಕೂಡ ತೆಗೆದುಕೊಳ್ಳದೆ ನಮಗೆ ಸಹಾಯ ಮಾಡುತ್ತಿದ್ದಾರೆ.

ಏಳು ತಿಂಗಳಿಂದ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ನಾನೇ ಬರೆದಿಡುತ್ತಿದ್ದೇನೆ. "ಬೆಳಿಗ್ಗೆ 5ಕ್ಕೆ ಶುರು. ಎರಡು ಸಲ ವಾಂತಿ. ರಾತ್ರಿ 8ಕ್ಕೆ ಎದ್ದರು. ಕೆಲಸಕ್ಕೆ ರಜೆ." ಹೀಗೆ ತಿಂಗಳಿಗೆ ಮೂರು, ಒಂದೊಂದು ತಿಂಗಳು ನಾಲ್ಕು. ಕೆಲಸದ ಕಡೆಯಿಂದ ರಜೆಯ ಲೆಕ್ಕವನ್ನೂ ತಂದಿದ್ದಾರೆ. ಇನ್ನೂ ಕೆಲಸಕ್ಕೆ ಹೋಗುತ್ತಿರುವಾಗ 50 ಹೇಗೆ ಸಿಗುತ್ತದೆ ಅಂತ ಇವರಿಗೇ ಅನುಮಾನವಿತ್ತು. ಆದರೆ ಮಾಜಿ ಸೈನಿಕರ ಮೇಲ್ಮನವಿ ಕೋರ್ಟು 2004ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ದುಡಿಮೆಗೆ ಅಂಥ ಪೆಟ್ಟು ಕೊಡಬಲ್ಲ ನೋವಾಗಿದ್ದರೂ ಸಾಕು.

ಈಗ ನಿಮ್ಮಿಂದ ಒಂದು ಆಗಬೇಕು ಅಪ್ಪ.

ಹೋದ ಜನವರಿಯಲ್ಲಿ ನಾವು ಬಂದಾಗ ಇವರಿಗೆ ಅಲ್ಲೇ ನೋವು ಬಂತಲ್ಲ. ಅಮ್ಮ ಒಗ್ಗರಣೆ ಹಾಕಿದ ವಾಸನೆಗೇ ಹಿತ್ತಲಿಗೆ ಓಡಿ ವಾಂತಿ ಮಾಡಿದರು. ಉಗ್ರಾಣದಲ್ಲಿ ಭತ್ತದ ಮೂಟೆಗಳ ನಡುವೆ ಚಾಪೆ ಹಾಸಿ ಮಲಗಿಸಿದೆವು. ಬಾಗಿಲ ಸಂದಿಯ ಬೆಳಕೂ ಆಗುತ್ತಿಲ್ಲ ಅಂದಾಗ ನೀವು ಗೋಣಿ ಮಡಚಿ ಅಲ್ಲಿಗೆ ಒತ್ತಿದಿರಿ. ಕಣದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿತ್ತು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡದಿದ್ದರೆ ಕೆಡುತ್ತದೆ, ಆದರೂ ನೀವು ಹೋಗಿ ಯಂತ್ರ ನಿಲ್ಲಿಸಿದಿರಿ. ನಾನು ಹುಟ್ಟಿದಾಗಿನಿಂದ ನೀವು ಯಾರಿಗಾಗಿಯೂ ಪಲ್ಪರ್ ನಿಲ್ಲಿಸಿದ್ದನ್ನು ನೋಡಿಲ್ಲ.

ಅದನ್ನೇ ಬರೆದು ಕೊಡಿ. ಕಣ್ಣಾರೆ ಕಂಡವರ ಹೇಳಿಕೆಗೂ ಇಲ್ಲಿ ಬೆಲೆ ಇದೆ, ಡಾಕ್ಟರೇ ಆಗಬೇಕಿಲ್ಲ. ಅದಕ್ಕೆ ಒಂದು ಫಾರಂ ಇದೆ, ಕಳಿಸುತ್ತೇನೆ. ನಿಮ್ಮ ಪಲ್ಟನ್ನಿನ ಇಂಗ್ಲಿಷೇ ಸಾಕು, ಯಾರ ಹತ್ತಿರವೂ ತಿದ್ದಿಸಬೇಡಿ. ರೋಗದ ಹೆಸರು ಬೇಡ. ಕಂಡದ್ದು, ಕೇಳಿದ್ದು, ಎಷ್ಟು ಹೊತ್ತು ಮಲಗಿದ್ದರು, ಅಷ್ಟು ಸಾಕು. ನೆನಪಿಲ್ಲದ್ದನ್ನು ಬಿಟ್ಟುಬಿಡಿ.

ನೀವು ಪೆನ್ಶನ್ ಗೆಳೆಯರ ಜೊತೆ 2013ರ ಧರಮ್‌ವೀರ್ ಸಿಂಗ್ ಕೇಸಿನ ಬಗ್ಗೆ ಮಾತಾಡುತ್ತಿದ್ದದ್ದು ನೆನಪಿದೆ. ಆ ಸೈನಿಕನದು ಮೂರ್ಛೆ ರೋಗ, ಕೇಸು ಅಂಗವೈಕಲ್ಯದ ಪೆನ್ಶನ್ನಿನದು. ಅನುಮಾನದ ಲಾಭ ಸೈನಿಕನಿಗೇ ಸಿಗಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿತಲ್ಲ. ಇಲ್ಲೂ ಅದೇ ನಿಯಮ. ಸಾಕ್ಷಿಯ ತಕ್ಕಡಿ ಎರಡೂ ಕಡೆ ಸಮ ನಿಂತರೆ ತೀರ್ಮಾನ ಸೈನಿಕನ ಕಡೆಗೆ. ನಮ್ಮ ತಟ್ಟೆಯಲ್ಲಿ ಇಷ್ಟು ವರ್ಷ ಏನೂ ಇರಲಿಲ್ಲ, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

ನವೆಂಬರಿಗೆ ವರ್ಷ ತುಂಬುತ್ತದೆ. ಅದರೊಳಗೆ ಅರ್ಜಿ ಹೋದರೆ, ಗೆದ್ದಾಗ ಮೊದಲ ಅರ್ಜಿಯ ದಿನದಿಂದಲೇ ಲೆಕ್ಕ ಹಿಡಿಯುವ ಅವಕಾಶ ಇರುತ್ತದೆ. ಹಬ್ಬದ ಓಡಾಟ ಶುರುವಾಗುವ ಮುಂಚೆ ಬರೆದುಬಿಡಿ. ಇವರು ಎಷ್ಟು ಗಂಟೆಗೆ ಎದ್ದು ಗಂಜಿ ಕುಡಿದರು ಅಂತ ಅಮ್ಮನನ್ನು ಕೇಳಿ. ರಾತ್ರಿಯೆಲ್ಲ ಬಾಗಿಲ ಹೊರಗೆ ಕೂತಿದ್ದು ಅವರೇ.

ಇಂತಿ ನಿಮ್ಮ ಪ್ರೀತಿಯ
ಮಗಳು